40 ಕೌದಿ, ಒಂದು ಲಾಂಗ್‌ಆರ್ಮ್ ಮಷಿನ್: ಧಾರವಾಡ ಜಿಲ್ಲೆಯ ಒಂದು ಪ್ರಕರಣ

ಈ ಬರಹದಲ್ಲಿ ಯಾರ ಹೆಸರೂ ಇಲ್ಲ. ಗುಂಪು ಧಾರವಾಡ ಜಿಲ್ಲೆಯ ಒಂದು ಹಳ್ಳಿಯದು, ಮಷಿನ್ ಇರುವುದು ಹುಬ್ಬಳ್ಳಿಯ ಒಂದು ಸಣ್ಣ ಕಾರ್ಖಾನೆಯಲ್ಲಿ, ಆರ್ಡರ್ ಕೊಟ್ಟವರು ಹೊರಗಿನವರು. ಇಷ್ಟು ಸಾಕು. ನಾನು ಈ ಮಹಿಳಾ ಗುಂಪಿಗೆ ಲೆಕ್ಕ ಬರೆದುಕೊಡುತ್ತೇನೆ. ಹೊಲಿಗೆಗಿಂತ ಕೂಲಿಯ ಕಡೆಗೇ ನನ್ನ ಕಣ್ಣು ಜಾಸ್ತಿ ಹೋಗುತ್ತದೆ, ಓದುವಾಗ ಅದು ಗೊತ್ತಿರಲಿ. ಕೈಕಸುಬಿನ ಗುಂಪು ನಡೆಸುತ್ತಾ, ಮಷಿನ್ ಸಹಾಯ ತಗೊಳ್ಳೋಣವೋ ಬೇಡವೋ ಅಂತ ಯೋಚಿಸುತ್ತಿರುವವರಿಗಾಗಿ ಇದನ್ನು ಬರೆದಿದ್ದೇನೆ.

ಹಿನ್ನೆಲೆ

ಕೌದಿ ಏನು ಅಂತ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಹಳೆ ಸೀರೆ, ಧೋತರ, ಹಾಸಿಗೆ ಬಟ್ಟೆ ಮೂರ್ನಾಲ್ಕು ಪದರ ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಜೋಡಿಸಿ, ದಪ್ಪ ದಾರದಲ್ಲಿ ಸಾಲುಸಾಲಾಗಿ ಹೊಲಿಯುವ ಹೊದಿಕೆ. ತೊಟ್ಟಿಲ ಕೂಸಿನಿಂದ ಹಿಡಿದು ಹೊಲ ಕಾಯುವ ಮುದುಕನವರೆಗೆ ಎಲ್ಲರಿಗೂ ಬೇಕಾಗುತ್ತಿತ್ತು. ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಣ್ಣುಮಕ್ಕಳ ಕೌದಿ ಈಗ ಹೊರದೇಶದ ಪ್ರದರ್ಶನಗಳಿಗೂ ಹೋಗಿದೆ. ಅವರು ಮೂಲೆಯಿಂದ ಶುರುಮಾಡಿ, ಅಂಚಿನಗುಂಟ ಸುತ್ತುತ್ತಾ ನಡುವಿಗೆ ಬಂದು ಮುಗಿಸುತ್ತಾರೆ. ಈ ಗುಂಪಿನವರ ಪದ್ಧತಿಯೂ ಹೆಚ್ಚುಕಡಿಮೆ ಅದೇ. ಈ ಮಾತು ಮುಂದೆ ಮುಖ್ಯವಾಗುತ್ತದೆ.

ಗುಂಪಿನಲ್ಲಿ ಹದಿನಾಲ್ಕು ಜನ. ಅವರಲ್ಲಿ ಮೂವರು ವಯಸ್ಸಾದವರು, ಕೈ ತುಂಬಾ ಪಳಗಿದವರು. ಮಿಕ್ಕವರು ಮನೆಕೆಲಸ, ಹೊಲದ ಕೆಲಸದ ನಡುವೆ ಬಿಡುವು ಮಾಡಿಕೊಂಡು ಹೊಲಿಯುವವರು. ಒಂದು ದೊಡ್ಡ ಕೌದಿಗೆ ಒಬ್ಬಾಕೆಗೆ ಹೆಚ್ಚುಕಡಿಮೆ ಒಂದು ತಿಂಗಳು ಹಿಡಿಯುತ್ತದೆ. ಕೂಲಿ ಕೌದಿಗೆ ಇಷ್ಟು ಅಂತ ಒಟ್ಟಾರೆ ಕೊಡುತ್ತಿದ್ದರು. ತುಂಡು ಕತ್ತರಿಸಿದ್ದಕ್ಕೆ ಎಷ್ಟು, ಹೊಲಿದದ್ದಕ್ಕೆ ಎಷ್ಟು ಅಂತ ಯಾರೂ ಬಿಡಿಸಿ ನೋಡಿರಲಿಲ್ಲ. ನೋಡುವ ಅಗತ್ಯವೂ ಬಿದ್ದಿರಲಿಲ್ಲ.

ಸಮಸ್ಯೆ

ಜೂನ್‌ನಲ್ಲಿ ಒಂದು ಹೋಮ್‌ಸ್ಟೇಯವರು 40 ಕೌದಿ ಕೇಳಿದರು. ಅಳತೆ 60 ಇಂಚು ಅಗಲ, 90 ಇಂಚು ಉದ್ದ. ದೀಪಾವಳಿಯೊಳಗೆ ಬೇಕು. ಗುಂಪಿಗೆ ಇಷ್ಟು ದೊಡ್ಡ ಆರ್ಡರ್ ಅದುವರೆಗೆ ಬಂದಿರಲಿಲ್ಲ.

ಹೊತ್ತು ಮಾತ್ರ ಸರಿಯಿರಲಿಲ್ಲ. ಮುಂಗಾರು ಬಿತ್ತನೆ ಆಗಿತ್ತು. ಜುಲೈ, ಆಗಸ್ಟ್ ಅಂದರೆ ಕಳೆ ತೆಗೆಯುವ ಕಾಲ, ಆಮೇಲೆ ಹೆಸರುಕಾಳು ಬಿಡಿಸುವ ಕೆಲಸ. ದಿನಗೂಲಿ ಕೈಗೆ ಸಿಗುವಾಗ ತಿಂಗಳ ಕೊನೆಗೆ ಸಿಗುವ ಕೌದಿ ಕೂಲಿಗೆ ಯಾರು ಕಾಯುತ್ತಾರೆ? ಲೆಕ್ಕ ಹಾಕಿದರೆ ದೀಪಾವಳಿಗೆ ಹೆಚ್ಚೆಂದರೆ ಹದಿನೈದು ಹದಿನಾರು ಕೌದಿ ಆಗಬಹುದಿತ್ತು.

ಆಗ ಗುಂಪಿನ ಕಾರ್ಯದರ್ಶಿಯ ತಮ್ಮ ಹುಬ್ಬಳ್ಳಿಯ ಮಷಿನ್ ಸುದ್ದಿ ತಂದ. ರಜಾಯಿ, ಬೆಡ್‌ಶೀಟ್ ಮಾಡುವ ಒಂದು ಘಟಕದವರು ಹೊರಗಿನಿಂದ ಲಾಂಗ್‌ಆರ್ಮ್ ಕ್ವಿಲ್ಟಿಂಗ್ ಮಷಿನ್, ಅಂದರೆ ಪದರದ ಹೊದಿಕೆ ಹೊಲಿಯುವ ಉದ್ದ ತೋಳಿನ ಮಷಿನ್, ತರಿಸಿದ್ದರು. "ಮೇಲಿನ ಜೋಡಣೆ ನೀವು ಮಾಡಿ ಕೊಡಿ, ಹೊಲಿಗೆ ನಾವು ಹಾಕಿಕೊಡ್ತೀವಿ" ಅಂದರು. ಅಮೆರಿಕದಲ್ಲಿ ಇದು ದಿನನಿತ್ಯದ ವ್ಯವಹಾರ. ತುಂಡು ಜೋಡಿಸುವವರು ಒಬ್ಬರು, ಲಾಂಗ್‌ಆರ್ಮ್‌ನಲ್ಲಿ ಹೊಲಿದುಕೊಡುವವರು ಇನ್ನೊಬ್ಬರು, ಬಾಡಿಗೆ ಚದರ ಇಂಚಿನ ಲೆಕ್ಕದಲ್ಲಿ. ನಮ್ಮ ಕೌದಿ 5,400 ಚದರ ಇಂಚು. ಇಂಚಿಗೆ 10 ಪೈಸೆ ಅಂದರೂ 540 ರೂಪಾಯಿ. ಗುಂಪು ಒಪ್ಪಿತು. ಮೊದಲು ಒಂದನ್ನು ಕಳಿಸಿ ನೋಡುವುದು ಅಂತ ಆಯಿತು.

ಮೊದಲ ಕೌದಿ

ಮಷಿನ್ ಹೇಗೆ ಕೆಲಸ ಮಾಡುತ್ತದೆ ಅಂತ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಎಲ್ಲಿ ಕೆಟ್ಟಿತು ಅನ್ನೋದು ಅರ್ಥವಾಗಲ್ಲ. ಸಾಮಾನ್ಯ ಹೊಲಿಗೆ ಮಷಿನ್‌ನಲ್ಲಿ ಬಟ್ಟೆಯನ್ನು ನಾವು ದಬ್ಬುತ್ತೇವೆ, ಸೂಜಿ ಇದ್ದಲ್ಲೇ ಇರುತ್ತದೆ. ಇದರಲ್ಲಿ ಉಲ್ಟಾ. ಹನ್ನೆರಡು ಅಡಿ ಉದ್ದದ ಚೌಕಟ್ಟು, ಅದರಲ್ಲಿ ರೋಲರ್‌ಗಳು. ಕೌದಿಯನ್ನು ಆ ರೋಲರ್‌ಗಳಿಗೆ ಬಿಗಿದು ನಿಲ್ಲಿಸುತ್ತಾರೆ. ಉದ್ದ ತೋಳಿನ ಮಷಿನ್ ಗಾಲಿಗಳ ಮೇಲೆ ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ ಓಡಾಡುತ್ತದೆ. ನಡೆಸುವವನು ಎರಡು ಹಿಡಿ ಹಿಡಿದುಕೊಂಡು ಗೆರೆ ಎಳೆದಂತೆ ಅದನ್ನು ಓಡಿಸುತ್ತಾನೆ. ಕೈ ಜೋರಾಗಿ ಹೋಗಲಿ, ನಿಧಾನ ಹೋಗಲಿ, ಟಾಕು ಮಾತ್ರ ಒಂದೇ ಅಳತೆಯಲ್ಲಿ ಬೀಳುವಂತೆ ಒಳಗೆ ಒಂದು ರೆಗ್ಯುಲೇಟರ್ ಇದೆ. ಒಂದು ಪಟ್ಟಿ ಹೊಲಿದಾದ ಮೇಲೆ ರೋಲರ್ ತಿರುಗಿಸಿ ಮುಂದಿನ ಪಟ್ಟಿ. ತೋಳು 24 ಇಂಚು ಇದ್ದರೂ ಒಂದು ಸಲಕ್ಕೆ ಹೊಲಿಯಲು ಅಷ್ಟೂ ಜಾಗ ಸಿಗಲ್ಲ, ಸುತ್ತಿಕೊಂಡ ಕೌದಿಯೇ ಅದರಲ್ಲಿ ಒಂದಿಷ್ಟು ತಿನ್ನುತ್ತದೆ.

ಈ ಮಷಿನ್ ಮೂರು ಪದರಕ್ಕೆಂದು ಮಾಡಿದ್ದು: ಮೇಲಿನ ಜೋಡಣೆ, ನಡುವಿನ ಹತ್ತಿ ಪದರ, ಕೆಳಗಿನ ಅಸ್ತರ. ಮೇಲಿನದಕ್ಕೂ ಅಸ್ತರಕ್ಕೂ ಬೇರೆಬೇರೆ ರೋಲರ್. ನಮ್ಮವರು ಕಳಿಸಿದ್ದು ತಮ್ಮ ಪದ್ಧತಿಯ ಕೌದಿ. ನಾಲ್ಕು ಹಳೆ ಸೀರೆ ಒಟ್ಟಿಗೆ ಕಚ್ಚಾ ಹೊಲಿಗೆ ಹಾಕಿ, ಮೇಲೆ ತುಂಡು ಇಟ್ಟು, ತುಂಡಿನ ಅಂಚು ಒಳಗೆ ಮಡಚಿ ಸುಮ್ನೆ ಅಲ್ಲಲ್ಲಿ ಹಿಡಿದಿದ್ದರು. ಪದರ ಬಿಡಿಸುವಂತಿರಲಿಲ್ಲ. ನಡೆಸುವ ಹುಡುಗ ಇಡೀ ಕೌದಿಯನ್ನು ಒಂದೇ ಅಸ್ತರದ ಹಾಗೆ ಬಿಗಿದ.

ಮೊದಲ ಪಟ್ಟಿಯಲ್ಲೇ ತೊಂದರೆ ಶುರುವಾಯಿತು. ಸೂಜಿಯ ಸುತ್ತ ಕುಣಿಯುವ ಸಣ್ಣ ಪಾದ ಮಡಚಿದ ಅಂಚಿಗೆ ಸಿಕ್ಕಿಹಾಕಿಕೊಂಡು ತುಂಡನ್ನೇ ಎಬ್ಬಿಸಿತು. ಆರೇಳು ಪದರ ಕೂಡುವ ಜಾಗದಲ್ಲಿ ಟಾಕು ತಪ್ಪಿತು, ದಾರ ಕಡಿಯಿತು. ಹುಡುಗ ಪಾದ ಸ್ವಲ್ಪ ಎತ್ತರ ಮಾಡಿದ, ದಪ್ಪ ಸೂಜಿ ಹಾಕಿದ, ಟೆನ್ಷನ್ ಸಡಿಲಿಸಿದ. ಹೇಗೋ ಮುಗಿಯಿತು. ನೋಡಲು ಚೆನ್ನಾಗೇ ಇತ್ತು. ಬಳ್ಳಿಯ ಹಾಗೆ ಸುತ್ತುವ ವಿನ್ಯಾಸ, ಈ ಅಂಚಿನಿಂದ ಆ ಅಂಚಿನವರೆಗೆ. ಕಾರ್ಯದರ್ಶಿಗೆ ಬಹಳ ಖುಷಿ.

ಮನೆಗೆ ತಂದು ಒಗೆದಾಗ ಇಳಕಲ್ ಸೀರೆಯ ತುಂಡುಗಳು ಹೊಲಿಗೆಯ ಗುಂಟವೇ ಹರಿದವು. ಕಾರಣ ಸರಳ. ಹುಡುಗ ಹಾಕಿದ್ದು ಇಂಚಿಗೆ ಹತ್ತು ಟಾಕು, ಅದೂ ದಪ್ಪ ಸೂಜಿಯಲ್ಲಿ. ಕೈಯಲ್ಲಿ ಇವರು ಹಾಕುವುದು ಇಂಚಿಗೆ ನಾಲ್ಕೈದು. ಇಪ್ಪತ್ತು ವರ್ಷ ಉಟ್ಟು ಸವೆದ ಹತ್ತಿಗೆ ಹತ್ತಿರ ಹತ್ತಿರ ತೂತು ಬಿದ್ದರೆ ಅದು ನೆನೆದಾಗ ಆ ಗೆರೆಯಲ್ಲೇ ಬಿಡುತ್ತದೆ. ಗಟ್ಟಿ ಹೊಲಿಗೆ ಅಂದರೆ ಗಟ್ಟಿ ಕೌದಿ ಅಂತ ಎಲ್ಲರೂ ಅಂದುಕೊಂಡಿದ್ದರು. ಹಳೆ ಬಟ್ಟೆಯಲ್ಲಿ ಹಾಗಾಗಲಿಲ್ಲ.

ಒಬ್ಬ ಹಿರಿಯಾಕೆ ಅದನ್ನು ಹೊದ್ದು ನೋಡಿ ಹೇಳಿದ್ದು ಇನ್ನೊಂದು ಮಾತು: "ಕೌದಿ ಮೆತ್ತಗಿರಬೇಕ್ರಿ. ಇದನ್ನ ಹೊದ್ಕೊಂಡ್ರ ಚಾಪಿ ಹೊದ್ಕೊಂಡಂಗ ಆಗತೈತಿ."

ನಿಂತು ನೋಡಿದ್ದು

ಇಲ್ಲಿ ಗುಂಪು ಎರಡು ದಾರಿಯಲ್ಲಿ ಒಂದನ್ನು ಹಿಡಿಯಬಹುದಿತ್ತು: ಆರ್ಡರ್ ಕಡಿಮೆ ಮಾಡಿಸುವುದು, ಇಲ್ಲಾ ಬೇರೆ ಮಷಿನ್ ಹುಡುಕುವುದು. ಕಾರ್ಯದರ್ಶಿಗೆ ಎರಡನೆಯದರ ಮೇಲೆ ಒಲವಿತ್ತು. ಅವರು ಮಾಡಿದ್ದು ಮೂರನೆಯದು, ನನ್ನ ಪ್ರಕಾರ ಈ ಪ್ರಕರಣದ ದಿಕ್ಕು ಬದಲಾದದ್ದೇ ಅಲ್ಲಿ. ಆ ಮೂವರು ಹಿರಿಯರನ್ನು ಕರಕೊಂಡು ಕಾರ್ಖಾನೆಗೆ ಹೋಗಿ, ಮಷಿನ್ ಪಕ್ಕ ಸ್ಟೂಲ್ ಹಾಕಿಸಿ ಕೂರಿಸಿದರು. ಹುಡುಗನಿಗೆ ಬೇರೆ ಯಾರದೋ ರಜಾಯಿ ಹೊಲಿಯುವ ಕೆಲಸವಿತ್ತು. ಇವರು ಅದನ್ನೇ ನೋಡಿದರು.

ಮೊದಲ ಅರ್ಧ ತಾಸು ಮಾತಿಲ್ಲ. ಸದ್ದಿಗೆ ಮಾತಾಡಲೂ ಆಗುತ್ತಿರಲಿಲ್ಲ ಅನ್ನಿ. ರಜಾಯಿಯ ಎರಡೂ ಪಕ್ಕಕ್ಕೆ ಕ್ಲಿಪ್ ಹಾಕಿ ಎಳೆದಿದ್ದರು. ಒಂದು ಪಟ್ಟಿ ಮುಗಿದಾಗ ಹುಡುಗ ಕ್ಲಿಪ್ ಬಿಚ್ಚುವುದು, ರೋಲರ್ ತಿರುಗಿಸುವುದು, ಮತ್ತೆ ಕ್ಲಿಪ್ ಹಾಕುವುದು. ತಿರುಗಿಸಿದಾಗಲೆಲ್ಲ ಮೇಲಿನ ಬಟ್ಟೆ ಕೂದಲೆಳೆಯಷ್ಟು ಮುಂದೆ ಸರಿಯುತ್ತಿತ್ತು. ಹುಡುಗ ಅದನ್ನು ಅಂಗೈಯಿಂದ ಸವರಿ ಕೆಳಗೆ ದಬ್ಬುತ್ತಿದ್ದ. ಕೊನೆಯ ಪಟ್ಟಿಗೆ ಬರುವಷ್ಟರಲ್ಲಿ ಆ ಸಡಿಲೆಲ್ಲ ಸೇರಿ ಕೆಳಗಿನ ಅಂಚಿನಲ್ಲಿ ಒಂದು ಮಡಿಕೆ ಕೂತಿತು.

ಹಿರಿಯಾಕೆಯೊಬ್ಬರು ಬೆರಳಿಟ್ಟು ತೋರಿಸಿದರು. "ಇದು ಮ್ಯಾಲಿಂದ ಕೆಳಗ ಬರತೈತಿ. ನಾವು ಸುತ್ತ ಸುತ್ತ ಹೋಗಿ ನಡುವ ಮುಗಸ್ತೀವಿ. ಉಬ್ಬು ಎದ್ರ ಹೋಗ್ತಾ ಹೋಗ್ತಾ ಕೂಡಸ್ಕೋತೀವಿ. ಇದರಾಗ ಉಬ್ಬು ಎಲ್ಲಿ ಹೋಗಬೇಕು?"

ಹುಡುಗನಿಗೆ ಇದು ಗೊತ್ತಿದ್ದ ತೊಂದರೆಯೇ. ಆದರೆ ಅದು ಜೋಡಣೆ ಮಾಡುವವರ ತಪ್ಪು ಅಂತ ಅವನು ತಿಳಿದಿದ್ದ. ಚಪ್ಪಟೆಯಾಗಿ ಜೋಡಿಸಿ ಕೊಟ್ಟರೆ ಉಬ್ಬು ಬರಲ್ಲ, ಅವನ ಮಾತೂ ನಿಜ. ಕೈಯಲ್ಲಿ ಹೊಲಿಯುವಾಗ ಜೋಡಣೆ ಸ್ವಲ್ಪ ಸೊಟ್ಟಗಿದ್ದರೂ ನಡೆಯುತ್ತದೆ, ಕೈಯೇ ಸರಿಮಾಡಿಕೊಳ್ಳುತ್ತಾ ಹೋಗುತ್ತದೆ. ಮಷಿನ್‌ಗೆ ಆ ಹೊಂದಾಣಿಕೆ ಗೊತ್ತಿಲ್ಲ. ಕೈ ಸರಿಮಾಡುತ್ತಿದ್ದುದನ್ನು ಮುಂಚೆಯೇ, ಕತ್ತರಿ ಹಿಡಿದಾಗಲೇ ಮಾಡಬೇಕು. ಈ ಅರಿವು ಬಂದ ಮೇಲೆ ಮಷಿನ್ ಬದಲಿಸುವ ಮಾತು ನಿಂತಿತು. ಕೌದಿಯನ್ನು ಬೇರೆ ರೀತಿ ಕಟ್ಟುವುದು ಹೇಗೆ ಅನ್ನುವ ಮಾತು ಶುರುವಾಯಿತು.

ಬದಲಿಸಿದ್ದು

ಮಷಿನ್‌ಗೆ ಹೋಗುವ ಕೌದಿಗೆ ಸವೆದ ಸೀರೆ ಬೇಡ ಅಂತ ಮೊದಲು ತೀರ್ಮಾನವಾಯಿತು. ಮೇಲಿನ ತುಂಡಿಗೆ ದರ್ಜಿ ಅಂಗಡಿಯ ಉಳಿಕೆ ಹತ್ತಿ ಬಟ್ಟೆ, ಇಳಕಲ್‌ನ ಗಟ್ಟಿಯಿರುವ ಸೆರಗು ಮಾತ್ರ. ಕೆಂಪು ಸೆರಗು ಬಣ್ಣ ಬಿಡುತ್ತದೆ, ಹಾಗಾಗಿ ನೀರು ತಿಳಿಯಾಗುವವರೆಗೆ ಮೊದಲೇ ಒಗೆಯುವುದು. ನಡುವೆ ನಾಲ್ಕು ಸೀರೆ ಬದಲು ಒಂದೇ ಸಮನಾದ ಪದರ. ತುಂಡುಗಳನ್ನು ಮೇಲಿಟ್ಟು ಹಿಡಿಯುವ ಬದಲು ಒಂದಕ್ಕೊಂದು ಕಾಲ್ಮಷಿನ್‌ನಲ್ಲಿ ಜೋಡಿಸಿ, ಇಸ್ತ್ರಿ ಮಾಡಿ ಚಪ್ಪಟೆ ಮಾಡುವುದು. ಹುಡುಗ ಇಂಚಿಗೆ ಆರು ಟಾಕಿಗೆ ಇಳಿಸಿದ, ಸೂಜಿಯನ್ನೂ ಒಂದು ನಂಬರ್ ಸಣ್ಣದು ಹಾಕಿದ. ಬಳ್ಳಿ ವಿನ್ಯಾಸ ಬಿಟ್ಟು ನೇರ ಸಾಲು, ಸಾಲಿನಿಂದ ಸಾಲಿಗೆ ಮೂರು ಬೆರಳು ಅಂತರ. ಅದರಿಂದಲೇ ಅರ್ಧ ಮೆತ್ತಗಾಯಿತು.

ಅಸ್ತರದ್ದು ಬೇರೆಯೇ ಕಥೆ. ರಾಷ್ಟ್ರಧ್ವಜ ಹೊಲಿಯುವ ಬೆಂಗೇರಿ ಹುಬ್ಬಳ್ಳಿಯಲ್ಲೇ ಇದೆ, ಧ್ವಜದ ಖಾದಿಗೆ ಹೆಸರಾದ ಗರಗವೂ ದೂರವಿಲ್ಲ. ಅಸ್ತರಕ್ಕೆ ಖಾದಿ ಹಾಕಿದರೆ ಗಿರಾಕಿಗೂ ಇಷ್ಟವಾಗುತ್ತದೆ ಅಂತ ಖಾದಿ ತಂದರು. ಪನ್ನ, ಅಂದರೆ ಬಟ್ಟೆಯ ಅಗಲ, 36 ಇಂಚು. ಮಷಿನ್‌ಗೆ ಅಸ್ತರ ನಾಲ್ಕೂ ಕಡೆ ನಾಲ್ಕು ಇಂಚು ದೊಡ್ಡದಿರಬೇಕು, ಅಂದರೆ 68ಕ್ಕೆ 98. ಎರಡು ಪನ್ನ ಸೇರಿಸಿ ನಡುವೆ ಉದ್ದಕ್ಕೆ ಒಂದು ಹೊಲಿಗೆ ಬಂತು. ಹುಡುಗ ಎಂದಿನಂತೆ ಅಗಲವನ್ನು ರೋಲರ್‌ಗೆ ಕೊಟ್ಟು ಬಿಗಿದ. ರೋಲರ್ ತಿರುಗಿದಂತೆ ಆ ಹೊಲಿಗೆ ಒಂದರ ಮೇಲೊಂದು ಸುತ್ತಿಕೊಂಡು ನಡುವೆ ಗಡ್ಡೆ ಕಟ್ಟಿತು. ನಡುವೆ ಬಿಗಿ, ಎರಡು ಪಕ್ಕ ಜೋಲು. ಕೌದಿಯನ್ನು ಅಡ್ಡ ತಿರುಗಿಸಿ, 98 ಇಂಚಿನ ಕಡೆಯನ್ನು ರೋಲರ್‌ಗೆ ಕೊಟ್ಟಾಗ ಹೊಲಿಗೆ ರೋಲರ್‌ಗೆ ಸಮಾನಾಂತರವಾಗಿ ಬಂತು. ಒಂದೇ ಸುತ್ತಿನಲ್ಲಿ ಅದು ದಾಟಿಹೋಯಿತು. ಸಣ್ಣ ಪನ್ನದ ಕೈಮಗ್ಗದ ಬಟ್ಟೆ ಬಳಸುವ ಯಾರಿಗಾದರೂ ಇದು ಎದುರಾಗುತ್ತದೆ, ಅದಕ್ಕೇ ಇಷ್ಟು ಬಿಡಿಸಿ ಬರೆದೆ. ಖಾದಿಯನ್ನು ಮೊದಲೇ ನೆನೆಹಾಕಿ ಒಣಗಿಸದಿದ್ದರೆ ಆಮೇಲೆ ಕುಗ್ಗುತ್ತದೆ, ಅದನ್ನಂತೂ ಇವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ನಾಲ್ಕೂ ಕಡೆ ಒಂದು ಗೇಣು ಅಂಚನ್ನು ಮಷಿನ್ ಮುಟ್ಟಬಾರದು ಅಂತ ಹಿರಿಯರು ಪಟ್ಟು ಹಿಡಿದರು. ಅಲ್ಲಿ ಮೂಲೆಯ ಹೂವು, ತ್ರಿಕೋನದ ಸಾಲು ಎಲ್ಲ ಕೈಯಲ್ಲೇ. ಹುಡುಗನಿಗೂ ಇದೇ ಬೇಕಿತ್ತು, ದಪ್ಪ ಮೂಲೆಯಲ್ಲಿ ದಾರ ಕಡಿಯುವ ಕಾಟ ತಪ್ಪಿತು.

ಕೂಲಿಯ ಪ್ರಶ್ನೆ

ಹೊಲಿಗೆ ದಾರಿಗೆ ಬಂತು. ಆಗ ಗುಂಪಿನಲ್ಲಿ ಜಗಳ ಹತ್ತಿತು. ಕಾರ್ಯದರ್ಶಿ ಮುಂದಿಟ್ಟ ಲೆಕ್ಕ ಹೀಗಿತ್ತು: ಮೊದಲು ಒಂದು ಕೌದಿಗೆ ಒಂದು ತಿಂಗಳು ಹಿಡಿಯುತ್ತಿತ್ತು, ಈಗ ಜೋಡಣೆ ಮತ್ತು ಅಂಚು ಸೇರಿ ಹತ್ತು ದಿನ. ಹಾಗಾಗಿ ಕೂಲಿಯೂ ಮೂರರಲ್ಲಿ ಒಂದು ಪಾಲು. ದಿನದ ಲೆಕ್ಕದಲ್ಲಿ ಯಾರಿಗೂ ನಷ್ಟವಿಲ್ಲ.

ಕಾಗದದ ಮೇಲೆ ಇದು ಸರಿ. ಒಬ್ಬಾಕೆ ಎದ್ದು ಕೇಳಿದರು: "ಸೂಜಿ ಹಿಡದಷ್ಟು ಹೊತ್ತಿಗೆ ರೊಕ್ಕ ಇತ್ತು. ಈಗ ಸೂಜಿನ ಮಷಿನ್‌ಗೆ ಕೊಟ್ವಿ ಅಂದ್ರ ನಮಗೇನ ಉಳೀತು?"

ಈ ಪ್ರಶ್ನೆಗೆ ಲೆಕ್ಕದ ಪುಸ್ತಕದಲ್ಲೇ ಉತ್ತರ ಇತ್ತು. ದಿನದ ಲೆಕ್ಕ ಸರಿಯಿದ್ದರೂ, ಒಟ್ಟು ಗಳಿಕೆ ಅಷ್ಟೇ ಉಳಿಯುವುದು ಕೆಲಸ ಮೂರು ಪಟ್ಟು ಬಂದಾಗ ಮಾತ್ರ. ಬಂದಿದ್ದ ಆರ್ಡರ್ 40, ಅದು 120 ಆಗುವಂತಿರಲಿಲ್ಲ. ಅಂದರೆ ವರ್ಷದ ಕೊನೆಗೆ ಹೆಂಗಸರ ಕೈಗೆ ಬರುವ ಒಟ್ಟು ಹಣ ಕಡಿಮೆಯಾಗುತ್ತದೆ, ಕಡಿಮೆಯಾದದ್ದರಲ್ಲಿ ಒಂದು ಭಾಗ ಕಾರ್ಖಾನೆಗೆ ಹೋಗುತ್ತದೆ. ಮಷಿನ್ ಉಳಿಸಿಕೊಟ್ಟದ್ದು ಯಾವ ಶ್ರಮವನ್ನೋ, ಕೂಲಿ ಸಿಗುತ್ತಿದ್ದುದು ಆ ಶ್ರಮಕ್ಕೇ. ಕೈಕಸುಬಿಗೆ ಮಷಿನ್ ತರುವವರು ಮೊದಲು ನೋಡಬೇಕಾದ ಸಾಲು ಇದು, ಆದರೆ ಸಾಮಾನ್ಯವಾಗಿ ಉಳಿದ ಸಮಯದ ಲೆಕ್ಕವನ್ನಷ್ಟೇ ತೋರಿಸುತ್ತಾರೆ.

ಸಂಜೆ ಶುರುವಾದ ಸಭೆ ರಾತ್ರಿ ಊಟದ ಹೊತ್ತಿಗೂ ಮುಗಿಯಲಿಲ್ಲ. ಕೊನೆಗೆ ಒಪ್ಪಿದ್ದು ಇದು. ಜೋಡಣೆಗೆ ಹಳೆ ಕೂಲಿಯ ಅರ್ಧ, ಯಾಕೆಂದರೆ ಈಗ ಜೋಡಣೆಯೇ ಕಷ್ಟದ ಕೆಲಸ, ಮೊದಲಿಗಿಂತ ಕರಾರುವಾಕ್ಕಾಗಿರಬೇಕು. ಅಂಚಿನ ಕೈಹೊಲಿಗೆಗೆ ಬೇರೆ ಕೂಲಿ. 40ರಲ್ಲಿ 12 ಕೌದಿ ಪೂರ್ತಿ ಕೈಯಲ್ಲೇ, ಅವು ಹೊಲಕ್ಕೆ ಹೋಗದ ಹಿರಿಯರಿಗೆ ಮತ್ತು ಮನೆಯಲ್ಲೇ ಇರುವ ಇಬ್ಬರು ಬಾಣಂತಿಯರಿಗೆ. ಮಿಕ್ಕ 28 ಮಷಿನ್‌ಗೆ.

ಗಿರಾಕಿಗೆ ಹೇಳುವುದು

ಹೋಮ್‌ಸ್ಟೇಯವರು ಪ್ರತಿ ಕೌದಿಗೂ "ಕೈಹೊಲಿಗೆ" ಅನ್ನುವ ಚೀಟಿ ಹಚ್ಚಲು ಹೇಳಿದ್ದರು. 28ಕ್ಕೆ ಆ ಚೀಟಿ ಹಚ್ಚುವಂತಿರಲಿಲ್ಲ. ಗುಂಪಿನಲ್ಲಿ ಕೆಲವರು, ತುಂಡು ಜೋಡಿಸಿದ್ದು ನಾವೇ ಅಲ್ವಾ, ಅಂಚು ಕೈಯೇ ಅಲ್ವಾ ಅಂದರು. ವಾದ ಹೊಸದಲ್ಲ. 1989ರಲ್ಲಿ ಅಮೆರಿಕದ ಪಡೂಕಾ ಊರಿನ ದೊಡ್ಡ ಕ್ವಿಲ್ಟ್ (ಅಲ್ಲಿಯ ಕೌದಿ) ಪ್ರದರ್ಶನದಲ್ಲಿ ಮೊದಲ ಬಾರಿ ಮಷಿನ್‌ನಲ್ಲಿ ಹೊಲಿದ ಕ್ವಿಲ್ಟ್‌ಗೆ ಅತಿ ದೊಡ್ಡ ಬಹುಮಾನ ಬಂದಾಗ ಅಲ್ಲಿಯವರೂ ಇದೇ ಚರ್ಚೆ ಮಾಡಿದ್ದರು. ಅದು ಮನೆಯಲ್ಲಿಟ್ಟುಕೊಳ್ಳುವ ಮಷಿನ್‌ನಲ್ಲಿ ಹೊಲಿದದ್ದು, ಲಾಂಗ್‌ಆರ್ಮ್ ಅಲ್ಲ. ಆದರೂ ಪ್ರಶ್ನೆ ಅದೇ.

ಕಾರ್ಯದರ್ಶಿ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದರು. ಇಂಥ ಕಡೆ ಜನ ಎಡವುವುದನ್ನು ಬೇರೆ ಗುಂಪುಗಳಲ್ಲಿ ನೋಡಿದ್ದೇನೆ, ಇವರು ಎಡವಲಿಲ್ಲ. ಗಿರಾಕಿ ಒಂದೆರಡು ದಿನ ಸುಮ್ಮನಿದ್ದು, ಎರಡೂ ಬಗೆಯ ಒಂದೊಂದು ಮಾದರಿ ಕಳಿಸಿ ಅಂದರು. ನೋಡಿದ ಮೇಲೆ ಒಪ್ಪಿದರು. ಮಷಿನ್ ಕೌದಿಯ ಬೆಲೆ ಸ್ವಲ್ಪ ಇಳಿಸಿದರು, ಕೈಹೊಲಿಗೆಯದು ಏರಿಸಿದರು. ಎರಡಕ್ಕೂ ಬೇರೆ ಬೇರೆ ಚೀಟಿ. ಮಷಿನ್ ಕೌದಿಯ ಚೀಟಿಯಲ್ಲಿ "ಕೈಯಲ್ಲಿ ಅಂಚು, ಮಷಿನ್‌ನಲ್ಲಿ ಒಳಹೊಲಿಗೆ" ಅಂತ ಬರೆಸಿದರು.

ಆದದ್ದು

ದೀಪಾವಳಿಗೆ ಮಷಿನ್‌ನ 28 ಹೋದವು. ಕೈಹೊಲಿಗೆಯ 12ರಲ್ಲಿ ಮೂರು ತಡವಾದವು, ಗಿರಾಕಿ ಗೊಣಗಿದರೂ ಕಾದರು. ಮಷಿನ್ ಕೌದಿಗಳಲ್ಲಿ ಎರಡರ ಸೆರಗಿನ ಜೋಡಣೆಯ ಮೇಲೆ ಟಾಕು ತಪ್ಪಿತ್ತು, ಅದನ್ನು ಊರಲ್ಲೇ ಸೂಜಿಯಿಂದ ಸರಿಮಾಡಿದರು.

ಹೋಮ್‌ಸ್ಟೇಯಲ್ಲಿ ಕೌದಿಗಳು ವಾಷಿಂಗ್ ಮಷಿನ್‌ಗೆ ಬೀಳುತ್ತವೆ. ಹೊಸ ಬಟ್ಟೆಯ ಮಷಿನ್ ಕೌದಿಗಳು ಅದಕ್ಕೆ ತಡೆದವು. ಕೈಹೊಲಿಗೆಯವು ಕೆಲವು ಕಡೆ ದಾರ ಬಿಟ್ಟವು. ಆದರೆ ಹೊದ್ದವರು ಕೇಳಿ ತೆಗೆದುಕೊಳ್ಳುವುದು ಅವನ್ನೇ ಅಂತ ಗಿರಾಕಿ ಹೇಳಿದರು, ಮೆತ್ತಗಿವೆ ಅಂತ. ರಿಪೇರಿಗೆ ಬಂದಾಗ ಕೈಹೊಲಿಗೆ ಬಿಚ್ಚಿ ಸೇರಿಸುವುದು ಸುಲಭ. ಮಷಿನ್ ಹೊಲಿಗೆಯಲ್ಲಿ ಕೆಳಗಿನ ಬಾಬಿನ್ ದಾರವನ್ನೂ ಬಿಡಿಸಿಕೊಂಡು ಕೂರಬೇಕು.

ಈಗ ಆರ್ಡರ್ ಬಂದಾಗ ಕಾರ್ಯದರ್ಶಿ ಮೊದಲು ಕೇಳುವುದು ಬಟ್ಟೆಯ ಬಗ್ಗೆ. ತಾಯಿಯ ಸೀರೆ, ಅಜ್ಜಿಯ ಸೀರೆ ತಂದು ಕೌದಿ ಮಾಡಿಕೊಡಿ ಅನ್ನುವವರು ನಗರದಿಂದ ಬರುತ್ತಿದ್ದಾರೆ. ಅಂಥವು ಮಷಿನ್‌ಗೆ ಹೋಗುವುದಿಲ್ಲ. ಕಾರ್ಖಾನೆಯ ಹುಡುಗನೇ ಈಗ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, ಎಳೆ ಸವೆದಿದ್ದರೆ ವಾಪಸ್ ಕಳಿಸುತ್ತಾನೆ.

ಗುಂಪಿನ ಇಬ್ಬರು ಹುಡುಗಿಯರಿಗೆ ಆ ಮಷಿನ್ ನಡೆಸಲು ಕಲಿಯುವ ಆಸೆ. ಕಾರ್ಖಾನೆಯವರು ಕಲಿಸುತ್ತೇವೆ ಅಂದಿದ್ದಾರೆ, ಕಲಿಯುವಷ್ಟು ದಿನ ಕೂಲಿ ಇಲ್ಲ. ಸಂಜೆ ಹುಬ್ಬಳ್ಳಿಯಿಂದ ಊರಿಗೆ ಬರುವ ಕೊನೆಯ ಬಸ್ಸು ಕಾರ್ಖಾನೆ ಬಿಡುವ ಮೊದಲೇ ಹೊರಟುಬಿಡುತ್ತದೆ. ಕಲಿಯುವ ತಿಂಗಳುಗಳ ಕೂಲಿಯನ್ನು ಗುಂಪಿನ ಉಳಿತಾಯದಿಂದ ಕೊಡುವುದೋ ಬೇಡವೋ ಅಂತ ಮುಂದಿನ ಸಭೆಯಲ್ಲಿ ಚರ್ಚೆ ಇದೆ. ಹೋದ ಸಭೆಯಲ್ಲಿ ಸೂಜಿಯ ಪ್ರಶ್ನೆ ಕೇಳಿದ ಆಕೆ ಈ ಸಲ ಕೊಡಬೇಕು ಅನ್ನುವವರ ಕಡೆ ಇದ್ದಾರೆ.